ಬದು ದಾಟುವ ತುಂತುರು

1882ನೆಯ ಇಸವಿಯ ಶರತ್ಕಾಲದಲ್ಲಿ ಫ್ರಾನ್ಸ್ ದೇಶದ ಮೆಡಾಕ್ ಪ್ರಾಂತ್ಯದಲ್ಲಿ, ದ್ರಾಕ್ಷಿತೋಟಗಳ ನಡುವಣ ದಾರಿಯೊಂದರಲ್ಲಿ, ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ನಡೆದು ಹೋಗುತ್ತಿದ್ದನು. ಆ ವರ್ಷ ಬೂಜುರೋಗದ ಹಾವಳಿಯಿಂದ ತೋಟದ ಬಳ್ಳಿಗಳೆಲ್ಲ ಎಲೆಯುದುರಿಸಿ ಬೋಳಾಗಿದ್ದವು. ಆದರೆ ದಾರಿಯ ಅಂಚಿನ ಕೆಲವು ಸಾಲುಗಳು ಮಾತ್ರ ಹಸಿರಾಗಿ ನಿಂತಿದ್ದವು. ಕಾರಣವೇನೆಂದು ವಿಚಾರಿಸಲು, ತೋಟದವರು ಹೇಳಿದ ಸಂಗತಿ ವಿಚಿತ್ರವಾಗಿದ್ದಿತು. ದಾರಿಹೋಕರು ಹಣ್ಣು ಕದಿಯದಿರಲೆಂದು ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚಿದ್ದರಂತೆ. ಆ ನೀಲಿಹಸಿರು ಬಣ್ಣವನ್ನು ಕಂಡವನು ವಿಷವೆಂದು ತಿಳಿದು ದೂರ ಸರಿಯಬೇಕೆಂಬುದು ಅವರ ಯುಕ್ತಿ. ಮಿಲಾರ್ಡೆ ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದನು. ಅದೇ ಇಂದು ಲೋಕಪ್ರಸಿದ್ಧವಾಗಿರುವ ಬೋರ್ಡೋ ದ್ರಾವಣ.

ನಮ್ಮ ಮಲೆನಾಡಿನ ಅಡಕೆ ಬೆಳೆಗಾರರಿಗೆ ಈ ದ್ರಾವಣದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ್ದಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಕುರಿತು 1910ರ ಸುಮಾರಿನಲ್ಲಿ ನಡೆಸಿದ ಅಧ್ಯಯನದಿಂದ ಅದು ಇಲ್ಲಿಯ ತೋಟಗಳಿಗೂ ಬಂದು ನೆಲೆಸಿತು. ಮಳೆಗಾಲದಲ್ಲಿ ಔಷಧಿ ಹೊಡೆದು ಮರದಿಂದಿಳಿದವನ ಅಂಗಿ, ತಲೆಯ ಹಾಳೆಟೊಪ್ಪಿ ಎಲ್ಲವೂ ನೀಲಿಯಾಗಿರುತ್ತವೆ. ತೋಟಕ್ಕೆ ಔಷಧಿ ಬಿದ್ದಿದೆಯೆಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಕಣ್ಣಿದ್ದವನಿಗೆ ಕಾಣುತ್ತದೆ.

ಆಧುನಿಕ ಸಿಂಪಡಣೆಯ ಚರಿತ್ರೆಯ ಮೊದಲ ಪುಟದಲ್ಲಿಯೇ ದಾರಿಹೋಕನೊಬ್ಬನಿದ್ದಾನೆ ಎಂಬುದನ್ನು ವಾಚಕರು ಗಮನಿಸಬೇಕು. ಆ ದ್ರಾವಣವನ್ನು ಮೊದಲು ಎರಚಿದ್ದೇ ಅವನಿಗೆ ಕಾಣಲೆಂದು. ಆ ಬಳಿಕ ಬಂದ ನೂರಾರು ಬಗೆಯ ಕೀಟನಾಶಕಗಳಲ್ಲಿ ಹೆಚ್ಚಿನವು ನೀರಿನಲ್ಲಿ ಬೆರೆತು ಎಲೆಯ ಮೇಲೆ ಒಣಗಿದರೆ ಗುರುತೇ ಉಳಿಯುವುದಿಲ್ಲ. ಕೆಲವಕ್ಕೆ ವಾಸನೆಯುಂಟು, ಕೆಲವಕ್ಕೆ ಅದೂ ಇಲ್ಲ. ವಾಸನೆಯಿದ್ದಲ್ಲಿಯೂ ಅದು ಅನೇಕವೇಳೆ ವಿಷದ್ದಲ್ಲ, ವಿಷವನ್ನು ಕರಗಿಸಲು ಬಳಸಿದ ಎಣ್ಣೆಯದು. ಹೀಗೆ ವಿಷ ಪ್ರಬಲವಾದಂತೆಲ್ಲ ಅದರ ಗುರುತು ಮಾಯವಾಗುತ್ತ ಬಂದಿದೆ. ದಾರಿಹೋಕನಾದರೋ ಅದೇ ದಾರಿಯಲ್ಲಿ ನಡೆಯುತ್ತಲೇ ಇದ್ದಾನೆ. ಹೊಲದಲ್ಲಿ ಏನನ್ನು ಹೊಡೆಯುತ್ತಾರೆ, ಯಾವಾಗ ಹೊಡೆಯುತ್ತಾರೆ ಎಂಬುದನ್ನು ಅವನಿಗೆ ಮುಂಚಿತವಾಗಿ ತಿಳಿಸುವುದು ಹೊಡೆಯುವವರ ಕರ್ತವ್ಯವಾಗಬೇಕು, ಅದು ಬರಿಯ ಸೌಜನ್ಯವಾಗಿ ಉಳಿಯಬಾರದು ಎಂಬುದು ನಮ್ಮ ಅಭಿಪ್ರಾಯ. ಭೌತಶಾಸ್ತ್ರದ ಅಧ್ಯಾಪಕರಿಗೆ ಈ ಗೊಡವೆಯೇಕೆ ಎನ್ನಬಹುದು. ತುಂತುರು ಹೊಲದ ಬದುವನ್ನು ದಾಟುವುದೋ ಇಲ್ಲವೋ ಎಂಬ ಪ್ರಶ್ನೆ ಮೂಲತಃ ಭೌತಶಾಸ್ತ್ರದ್ದೇ ಆದುದರಿಂದ ಈ ಗೊಡವೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಿಲಿಕನ್ನನ ಎಣ್ಣೆಹನಿಯ ಪ್ರಯೋಗವನ್ನು ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅತ್ತರಿನ ಸೀಸೆಯಂಥ ಸಾಧನವೊಂದರಿಂದ ಎಣ್ಣೆಯನ್ನು ತುಂತುರು ಮಾಡಿ, ಒಂದೇ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದು, ಅದು ಗಾಳಿಯಲ್ಲಿ ಇಳಿಯುವುದನ್ನು ನೋಡುತ್ತ ಕೂಡುವುದು ಆ ಪ್ರಯೋಗದ ಮೊದಲ ಹಂತ. ವಿದ್ಯಾರ್ಥಿಗಳು ಮೊದಲು ಬೇಸರಪಡುವುದೂ ಇಲ್ಲಿಯೇ. ಹನಿ ಬೀಳುವುದೇ ಇಲ್ಲವೆಂದು ಅವರ ದೂರು. ನಿಜ, ಅಷ್ಟು ಚಿಕ್ಕ ಹನಿ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಒಂದು ಸೆಂಟಿಮೀಟರು ಇಳಿಯಲು ಅದಕ್ಕೆ ಹತ್ತಾರು ಸೆಕೆಂಡು ಹಿಡಿಯುವುದುಂಟು. ಹನಿಯನ್ನು ಕೆಳಕ್ಕೆಳೆಯುವ ಭಾರವು ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ತಡೆಯುವ ಗಾಳಿಯ ಜಿಗುಟಾದರೋ ವ್ಯಾಸಕ್ಕೆ ಅನುಗುಣವಾಗಿ ಮಾತ್ರ ಕುಗ್ಗುತ್ತದೆ. ಇವೆರಡೂ ಸಮವಾದಾಗ ಹನಿಯು ಸ್ಥಿರವಾದೊಂದು ವೇಗದಲ್ಲಿ ಇಳಿಯುತ್ತದೆ. ಅತಿ ಸಣ್ಣ ಹನಿಗಳಲ್ಲಿ ಆ ವೇಗವು ವ್ಯಾಸದ ವರ್ಗಕ್ಕೆ ಅನುಗುಣವಾದದ್ದೆಂದು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿಯೇ ತೋರಿಸಿದನು. ವ್ಯಾಸ ಅರ್ಧವಾದರೆ ಇಳಿಯುವ ವೇಗ ಕಾಲುಭಾಗವಾಗುತ್ತದೆ.

ಇನ್ನು ಹೊಲಕ್ಕೆ ಬರೋಣ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನು ಎನ್ನುತ್ತಾರೆ. ಔಷಧಿ ಹೊಡೆಯುವ ಪಂಪಿನ ಮೂತಿಯಿಂದ ಹೊರಬರುವ ಹನಿಗಳೆಲ್ಲ ಒಂದೇ ಗಾತ್ರದವಲ್ಲ. ಯಾವ ಮೂತಿಯನ್ನೇ ತೆಗೆದುಕೊಂಡರೂ ದಪ್ಪ ಹನಿಗಳೊಡನೆ ಸಣ್ಣವೂ ಅತಿ ಸಣ್ಣವೂ ಬೆರೆತೇ ಬರುತ್ತವೆ. ಆಳೆತ್ತರಕ್ಕಿಂತ ತುಸು ಮೇಲೆ, ಎರಡು ಮೀಟರು ಎತ್ತರದಲ್ಲಿ, ಅವು ಹೊರಟವೆಂದೂ ಸೆಕೆಂಡಿಗೆ ಎರಡು ಮೀಟರಿನಂತೆ ಮಂದವಾದ ಗಾಳಿ ಬೀಸುತ್ತಿದೆಯೆಂದೂ ಇಟ್ಟುಕೊಳ್ಳೋಣ. 400 ಮೈಕ್ರಾನಿನ ಹನಿ ಒಂದೂಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಅಷ್ಟರಲ್ಲಿ ಗಾಳಿ ಅದನ್ನು ಒಯ್ಯಬಲ್ಲುದು ಎರಡೂವರೆ ಮೀಟರು ಮಾತ್ರ. 100 ಮೈಕ್ರಾನಿನ ಹನಿ ಇಳಿಯಲು ಎಂಟು ಸೆಕೆಂಡು ಬೇಕು, ಅದು ಹದಿನಾರು ಮೀಟರು ದೂರ ಹೋಗಿ ಬೀಳುತ್ತದೆ. 50 ಮೈಕ್ರಾನಿನದು ಐವತ್ತು ಮೀಟರನ್ನು ದಾಟುತ್ತದೆ. 20 ಮೈಕ್ರಾನಿನದು ಮುನ್ನೂರು ಮೀಟರನ್ನು ದಾಟುತ್ತದೆ. 10 ಮೈಕ್ರಾನಿನ ಹನಿಗೆ ಆ ಎರಡು ಮೀಟರು ಇಳಿಯಲು ಹನ್ನೊಂದು ನಿಮಿಷ ಬೇಕಾಗುವುದರಿಂದ, ಅದು ಒಂದು ಕಿಲೋಮೀಟರಿಗೂ ಆಚೆ, ಬಹುಶಃ ಪಕ್ಕದ ಊರಿನಲ್ಲಿ, ಇಳಿಯಬೇಕು. ಗಾಳಿಯ ಸುಳಿ ಏಳುಬೀಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳಿದ ಅಂಕಿಗಳಿವು. ಅವನ್ನು ಸೇರಿಸಿದರೆ ಕೆಲವು ಹನಿಗಳು ಇನ್ನೂ ದೂರ ಹೋಗುತ್ತವೆ, ಕೆಲವು ಹತ್ತಿರದ ಬೇಲಿಗೇ ತಗುಲುತ್ತವೆ.

ಸಣ್ಣ ಹನಿಯಲ್ಲಿ ವಿಷವೆಷ್ಟಿದ್ದೀತು ಎಂಬ ಆಕ್ಷೇಪಣೆ ನ್ಯಾಯವಾದದ್ದು. 400 ಮೈಕ್ರಾನಿನ ಒಂದು ಹನಿಯಲ್ಲಿರುವಷ್ಟು ದ್ರವದಿಂದ 10 ಮೈಕ್ರಾನಿನ 64,000 ಹನಿಗಳನ್ನು ಮಾಡಬಹುದು. ಆದುದರಿಂದ ದೂರ ತಲಪುವ ಒಟ್ಟು ಪ್ರಮಾಣ ಅಲ್ಪವೇ. ಆದರೆ ಇನ್ನೊಂದು ಸಂಗತಿಯುಂಟು. ಸಣ್ಣ ಹನಿ ದಾರಿಯಲ್ಲಿಯೇ ಒಣಗುತ್ತದೆ. ನಮ್ಮ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ 50 ಮೈಕ್ರಾನಿನ ನೀರಹನಿ ನಾಲ್ಕಾರು ಸೆಕೆಂಡಿನಲ್ಲಿ ಆವಿಯಾಗಿ ಹೋಗುತ್ತದೆ. ಆವಿಯಾಗುವುದು ನೀರು, ವಿಷವಲ್ಲ. ಉಳಿಯುವುದು ಮೊದಲಿಗಿಂತ ಎಷ್ಟೋ ಸಾಂದ್ರವಾದ, ಮೊದಲಿಗಿಂತ ಎಷ್ಟೋ ಹಗುರವಾದ ಕಣ. ಅದು ಮತ್ತೂ ನಿಧಾನವಾಗಿ ಇಳಿಯುತ್ತ ಮತ್ತೂ ದೂರ ಸಾಗುತ್ತದೆ. ಮೂಗಿನ ರೋಮಗಳು ತಡೆಯಲಾರದಷ್ಟು ಸಣ್ಣದಾದ ಮೇಲೆ ಅದು ಶ್ವಾಸಕೋಶದ ಒಳಗೂ ಹೋಗಬಲ್ಲುದು.

ಹೊಲದಲ್ಲಿ ಪಂಪಿನ ಒತ್ತಡವನ್ನು ಏರಿಸಿ, ಹೊಗೆಯಂತೆ ತುಂತುರು ಏಳುವುದನ್ನು ಕಂಡು, ‘ಈಗ ಚೆನ್ನಾಗಿ ಹಿಡಿಯಿತು’ ಎಂದು ಸಮಾಧಾನಪಡುವವರನ್ನು ನಾವು ನೋಡಿದ್ದೇವೆ. ಹೊಗೆಯಂತೆ ಕಂಡದ್ದು ಬೆಳೆಗೆ ಬಿದ್ದದ್ದಲ್ಲ, ಬೆಳೆಗೆ ಬೀಳದೆ ಹೋದದ್ದು. ದುಡ್ಡು ಕೊಟ್ಟು ತಂದ ಔಷಧಿಯಲ್ಲಿ ಅಷ್ಟು ಭಾಗ ಗಾಳಿಯ ಪಾಲಾಯಿತೆಂದೇ ಅದರ ಅರ್ಥ.

ಇದಕ್ಕಿಂತಲೂ ಹೆಚ್ಚು ಮೋಸ ಮಾಡುವುದು ಗಾಳಿಯೇ ಇಲ್ಲದ ಬೆಳಗು. ನಸುಕಿನಲ್ಲಿ, ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ ಔಷಧಿ ಹೊಡೆದರೆ ಎಲ್ಲಿಯೂ ಹಾರದೆಂಬುದು ಸಾಮಾನ್ಯವಾದ ನಂಬಿಕೆ. ಚಳಿಗಾಲದ ಮುಂಜಾನೆ ಹಳ್ಳಿಯ ಒಲೆಗಳ ಹೊಗೆ ನೆಟ್ಟಗೆ ಮೇಲೇರದೆ, ಸೂರಿನೆತ್ತರಕ್ಕೆ ಹೋಗಿ ಚಾಪೆ ಹಾಸಿದಂತೆ ಹರಡಿ ನಿಲ್ಲುವುದನ್ನು ವಾಚಕರು ನೋಡಿರಬಹುದು. ಇರುಳಿನಲ್ಲಿ ನೆಲ ತಣ್ಣಗಾಗಿ, ನೆಲಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿನ ಗಾಳಿ ಮೇಲಕ್ಕೆ ಹೋಗಿ ಬೆರೆಯಲಾರದು. ಆಗ ಹೊಡೆದ ಸಣ್ಣ ಹನಿಗಳು ಚದುರಿ ತೆಳುವಾಗುವ ಬದಲು ಮೋಡದಂತೆ ಒಟ್ಟಾಗಿ ನಿಂತು, ತಗ್ಗಿನ ಕಡೆಗೆ ನೀರಿನಂತೆ ಮೆಲ್ಲನೆ ಹರಿಯುತ್ತವೆ. ತಗ್ಗಿನಲ್ಲಿ ಸಾಮಾನ್ಯವಾಗಿ ಇರುವುದು ಕಾಲುವೆ, ಕೆರೆ, ಊರಿನ ದಾರಿ. ದಾರಿಯಿಂದ ದೂರದ ದಿಕ್ಕಿಗೆ ಒಂದೇ ಸಮನೆ ಬೀಸುವ ಮೆಲುಗಾಳಿಯ ಹೊತ್ತು ಇದಕ್ಕಿಂತ ಸುರಕ್ಷಿತವಾದದ್ದು. ಮುಂಜಾನೆ ನಡೆಯಲು ಹೋಗುವವರೂ ಶಾಲೆಗೆ ಹೊರಟ ಮಕ್ಕಳೂ ದಾರಿಯಲ್ಲಿರುವುದಾದರೋ ಆ ನಿಶ್ಚಲವಾದ ಹೊತ್ತಿನಲ್ಲಿಯೇ.

ಇಲ್ಲಿ ನಮ್ಮ ಅನುಭವದ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹೊಲದ ಬದುಗಳ ಮೇಲೆ ನಡೆದು ಬಂದು ಬಸ್ಸು ಹಿಡಿಯುವವರು. ಒಂದು ಬೆಳಗ್ಗೆ ಅವರಲ್ಲೊಬ್ಬನು ಪ್ರಯೋಗದ ತರಗತಿಗೆ ಬಂದಾಗ ಕಣ್ಣು ಕೆಂಪೇರಿದ್ದಿತು, ಅಂಗಿಯ ಒಂದು ತೋಳು ಒದ್ದೆಯಾಗಿದ್ದಿತು. ಟೊಮ್ಯಾಟೊ ಹೊಲದ ಪಕ್ಕದಲ್ಲಿ ಬರುವಾಗ ಮೇಲೆ ತುಂತುರು ಬಿತ್ತೆಂದನು. ‘ಏನೂ ಇಲ್ಲ ಸಾರ್, ಔಷಧಿ ಅಷ್ಟೆ’ ಎಂದನು. ಯಾವ ಔಷಧಿಯೆಂದು ಕೇಳಿದರೆ ಅವನಿಗೆ ತಿಳಿಯದು. ಹೊಲದವರನ್ನು ಅವನು ಬಲ್ಲನಾದುದರಿಂದ ಫೋನು ಮಾಡಿ ಕೇಳಿಸಿದೆವು. ‘ಅಂಗಡಿಯವರು ಎರಡು ಸೇರಿಸಿ ಹೊಡೀರಿ ಅಂದರು ಕಣಪ್ಪ, ಹೆಸರು ಯಾರಿಗೆ ಗೊತ್ತು, ಡಬ್ಬ ಎಸೆದೆ’ ಎಂಬ ಉತ್ತರ ಬಂದಿತು. ಆ ಧ್ವನಿಯಲ್ಲಿ ಗಾಬರಿಯಿದ್ದಿತೇ ಹೊರತು ಉಡಾಫೆಯಿರಲಿಲ್ಲ. ಅಂಗಿಯನ್ನು ಕಳಚಿಸಿ, ಸಾಬೂನು ಹಚ್ಚಿ ಮೈ ತೊಳೆಸಿ, ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆಯೂ ಅದೇ: ಯಾವ ಔಷಧಿ? ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ನಾಲ್ಕಾರು ಗಂಟೆ ಅವನನ್ನು ಕೂಡಿಸಿಕೊಂಡು ಪರೀಕ್ಷಿಸುತ್ತಿದ್ದು ಮನೆಗೆ ಕಳುಹಿಸಿದರು. ಹುಡುಗ ಆರೋಗ್ಯವಾಗಿದ್ದಾನೆ.

ವೈದ್ಯರ ಆ ಪ್ರಶ್ನೆಯ ಹಿಂದೆ ಬಲವಾದ ಕಾರಣವಿದೆ. ಕೀಟನಾಶಕಗಳಲ್ಲಿ ಒಂದೊಂದು ಪಂಗಡವೂ ದೇಹದಲ್ಲಿ ಒಂದೊಂದು ಬಗೆಯಾಗಿ ವರ್ತಿಸುತ್ತದೆ. ಮಾನೊಕ್ರೊಟೊಫಾಸ್, ಪ್ರೊಫೆನೊಫಾಸ್ ಮುಂತಾದ ಸಾವಯವ ರಂಜಕ ಸಂಯುಕ್ತಗಳು ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸುದ್ದಿ ನಿಲ್ಲದೆ ಹರಿಯುತ್ತಿರುತ್ತದೆ. ಬೆವರು, ಜೊಲ್ಲು, ವಾಂತಿ, ಕಿರಿದಾದ ಕಣ್ಣಪಾಪೆ, ಸ್ನಾಯುಗಳ ಅದಿರು, ಕಡೆಗೆ ಉಸಿರಾಟದ ತೊಂದರೆ. ಇದಕ್ಕೆ ಅಟ್ರೊಪಿನ್ ಎಂಬ ಮದ್ದುಂಟು, ಸಕಾಲದಲ್ಲಿ ಕೊಟ್ಟರೆ ಜೀವ ಉಳಿಯುತ್ತದೆ. ಪೈರಿಥ್ರಾಯಿಡ್ ಪಂಗಡದವು ಮುಖದ ಚರ್ಮದಲ್ಲಿ ಜುಮುಜುಮು ಎನಿಸುವ ಉರಿಯನ್ನು ತರುತ್ತವೆ, ಅವಕ್ಕೆ ಅಟ್ರೊಪಿನ್ ಮದ್ದಲ್ಲ. ಕಳೆ ಸುಡಲು ಬಳಸುವ ಪ್ಯಾರಾಕ್ವಾಟ್ ನುಂಗಿದವನಿಗೆ ನಿಶ್ಚಿತವಾದ ಪ್ರತಿವಿಷವೇ ಇಲ್ಲ. ಹೆಸರು ತಿಳಿಯದಿದ್ದರೆ ವೈದ್ಯನು ಲಕ್ಷಣಗಳಿಗಾಗಿ ಕಾಯಬೇಕು. ಮೇಲೆ ಬಿದ್ದವನು ಮಾಡಬೇಕಾದ್ದು, ಯಾವ ವಿಷವಾದರೂ, ಒಂದೇ: ಗಾಳಿ ಬರುವ ದಿಕ್ಕಿನ ಕಡೆಗೆ ಸರಿದು, ಬಟ್ಟೆ ಕಳಚಿ, ಸಾಬೂನು ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳುವುದು, ಕಣ್ಣಿಗೆ ಬಿದ್ದಿದ್ದರೆ ಕಾಲುಗಂಟೆ ಶುದ್ಧ ನೀರು ಹರಿಸುವುದು. ಹೊಲದ ಕೆಲಸಗಾರರಿಗೆ ವಿಷ ಹೆಚ್ಚಾಗಿ ಏರುವುದು ಚರ್ಮದ ಮೂಲಕ ಎಂಬುದನ್ನು ಮರೆತು, ಮೂಗಿಗೆ ವಸ್ತ್ರ ಕಟ್ಟಿಕೊಂಡು ಒದ್ದೆ ಅಂಗಿಯಲ್ಲೇ ದಿನವೆಲ್ಲ ಇರುವವರುಂಟು.

‘ಔಷಧಿ’ ಎಂಬ ಮಾತನ್ನು ಇಲ್ಲಿಯೂ ಬಳಸುತ್ತ ಬಂದೆವು. ಹಳ್ಳಿಯಲ್ಲಿ ಬೇರೆ ಮಾತಿಲ್ಲ. ಗಿಡದ ಪಾಲಿಗೆ ಅದು ಔಷಧಿಯೇ ಸರಿ. ಆದರೆ ತಾಯಿ ಮಗುವಿಗೆ ಕುಡಿಸುವುದಕ್ಕೂ ಹುಳುವನ್ನು ಕೊಲ್ಲುವುದಕ್ಕೂ ಒಂದೇ ಹೆಸರಿರುವುದರಿಂದ ನಮ್ಮ ಎಚ್ಚರ ಎಷ್ಟು ತಗ್ಗಿದೆಯೋ ಎಂದು ಆ ಹುಡುಗನ ‘ಅಷ್ಟೆ’ಯನ್ನು ಕೇಳಿದಾಗಿನಿಂದ ಯೋಚಿಸುತ್ತಿದ್ದೇವೆ.

ಹಾಗೆಂದು ತುಂತುರಿನ ವಾಸನೆ ಬಂದೊಡನೆ ವಿಷ ಏರಿತೆಂದು ಹೆದರುವುದೂ ವೈಜ್ಞಾನಿಕವಲ್ಲ. ಪರಿಣಾಮವು ಪ್ರಮಾಣವನ್ನು ಅವಲಂಬಿಸುತ್ತದೆ. ವರ್ಷಕ್ಕೊಮ್ಮೆ ದಾರಿಯಲ್ಲಿ ಹೋಗುವಾಗ ಮುಖಕ್ಕೆ ತಗುಲಿದ ಎಳೆ ತುಂತುರಿನಿಂದ ಬಹುಪಾಲು ಜನಕ್ಕೆ ಏನೂ ಆಗದಿರಬಹುದು. ಆದರೆ ಅದೇ ದಾರಿಯಲ್ಲಿ ದಿನವೂ ನಡೆಯುವವನ, ಅದೇ ಹೊಲದ ಮಗ್ಗುಲಲ್ಲಿ ಮನೆಯಿರುವವನ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಜಾರ್ಜಿನಾ ಡೌನ್ಸ್ ಎಂಬ ಮಹಿಳೆ ಹೂಡಿದ ಮೊಕದ್ದಮೆಯ ತಿರುಳೇ ಇದು. ಹೊಲದ ಪಕ್ಕದಲ್ಲಿರುವವರ ಅಪಾಯವನ್ನು ಸರ್ಕಾರ ಅಳೆಯುವಾಗ, ಕೆಲವು ನಿಮಿಷ ನಿಂತು ಹೋಗುವ ದಾರಿಹೋಕನನ್ನು ಮಾತ್ರ ಕಲ್ಪಿಸಿಕೊಂಡಿದೆ, ಅಲ್ಲಿಯೇ ಬಾಳುವವರನ್ನಲ್ಲ ಎಂದು ಆಕೆ ವಾದಿಸಿದರು. 2008ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಒಪ್ಪಿತು. 2009ರಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ತೀರ್ಪು ಏನೇ ಆಗಲಿ, ಪ್ರಶ್ನೆ ಸರಿಯಾದದ್ದೆಂದೇ ನಮಗೆ ತೋರುತ್ತದೆ.

ನಮ್ಮ ದೇಶದ ಕಾನೂನಿನಲ್ಲಿ ದಾರಿಹೋಕನಿಗೆ ಸ್ಥಾನವೇ ಇಲ್ಲವೆಂದು ಹೇಳಲಾಗದು. 1958ರಲ್ಲಿ ಕೇರಳದಲ್ಲಿ, ಸಾಗಣೆಯ ಕಾಲದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ವಿಚಾರಣೆಯ ಹಿನ್ನೆಲೆಯಲ್ಲಿ 1968ರ ಕೀಟನಾಶಕಗಳ ಕಾಯಿದೆಯೂ, ಅದರ ಅಡಿಯಲ್ಲಿ 1971ರ ನಿಯಮಗಳೂ ಹುಟ್ಟಿದವು. ವಿಮಾನದಿಂದ ಸಿಂಪಡಿಸುವುದಾದರೆ ಕನಿಷ್ಠ ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸತಕ್ಕದ್ದು, ಕೆಲಸಕ್ಕೆ ಸಂಬಂಧಪಡದ ಜನರನ್ನೂ ಪ್ರಾಣಿಗಳನ್ನೂ ನಿಗದಿಯಾದ ಕಾಲದವರೆಗೆ ಅಲ್ಲಿಗೆ ಬಿಡತಕ್ಕದ್ದಲ್ಲ ಎಂದು ಆ ನಿಯಮಗಳು ವಿಧಿಸಿದವು. ಬಹಳ ಒಳ್ಳೆಯ ಮಾತು. ಆದರೆ ಬೆನ್ನಿನ ಪಂಪಿನಿಂದಲೋ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರದಿಂದಲೋ ಹೊಡೆಯುವಾಗ ಇಂಥ ಪೂರ್ವಸೂಚನೆಯ ಹೊಣೆಯನ್ನು ಅವು ಹೊರಿಸಲಿಲ್ಲ. ನಿಯಮವು ಯಂತ್ರವನ್ನು ನೋಡಿತು. 50 ಮೈಕ್ರಾನಿನ ಹನಿ ತಾನು ವಿಮಾನದಿಂದ ಇಳಿಯಿತೋ ಪಂಪಿನಿಂದ ಹೊರಟಿತೋ ಎಂಬುದನ್ನು ಅರಿಯದು.

ನಿಯಮವಿದ್ದಲ್ಲಿಯೂ ಏನಾಯಿತೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಗುಡ್ಡಗಳ ಮೇಲೆ, ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ 4,000 ಹೆಕ್ಟೇರಿಗೂ ಮೀರಿದ ಗೇರುತೋಟಗಳಿಗೆ, ಚಹಾಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ತೋಟಗಳ ನಡುವೆಯೂ ಅವುಗಳ ತಪ್ಪಲಲ್ಲಿಯೂ ಕನ್ನಡ, ತುಳು, ಮಲಯಾಳ ಮಾತಾಡುವ ಜನರ ಮನೆಗಳು. ಅಲ್ಲಿಯ ಜನ ಕುಡಿಯುವ ನೀರು ಬಾವಿಯದು, ಇಲ್ಲವೇ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಹರಿದು ಬಯಲಿಗೆ ಬರುವಂಥದು. ಗುಡ್ಡಕಣಿವೆಗಳ ಪ್ರದೇಶದಲ್ಲಿ ಹೆಲಿಕಾಪ್ಟರು ಮರದ ತಲೆಯಿಂದ ಒಂದೇ ಎತ್ತರದಲ್ಲಿ ಹಾರುವುದು ಹೇಗೆ? ಹಾರುವ ಎತ್ತರ ಹೆಚ್ಚಿದಷ್ಟೂ ಹನಿಗೆ ಗಾಳಿಯೊಡನೆ ಪಯಣಿಸಲು ಹೆಚ್ಚು ಸಮಯ ದೊರೆಯುತ್ತದೆ. ಬಾವಿಯನ್ನು ಮುಚ್ಚಬಹುದು, ಹರಿಯುವ ನೀರನ್ನು ಮುಚ್ಚುವುದೆಂತು? ಎಣ್ಮಕಜೆಯ ಸುತ್ತಮುತ್ತ ವಿಚಿತ್ರವಾದ ಕಾಯಿಲೆಗಳು ಒತ್ತೊತ್ತಾಗಿ ಕಾಣುತ್ತಿರುವುದನ್ನು ಅಲ್ಲಿಯ ವೈದ್ಯ ಡಾ. ಮೋಹನ ಕುಮಾರ್ ಅವರೂ ಪತ್ರಕರ್ತ ಶ್ರೀ ಪಡ್ರೆಯವರೂ ಲೋಕದ ಗಮನಕ್ಕೆ ತಂದರು. 2000ದಲ್ಲಿ ಆಕಾಶದ ಸಿಂಪಡಣೆ ನಿಂತಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ಮೇ ತಿಂಗಳಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ ಮಾರಾಟಗಳನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳಕ್ಕೆ ಆಜ್ಞಾಪಿಸಿತು.

ಯಾವ ಕಾಯಿಲೆಯಲ್ಲಿ ಎಂಡೋಸಲ್ಫಾನಿನ ಪಾಲು ಎಷ್ಟೆಂಬುದನ್ನು ಕುರಿತು ವಿದ್ವಾಂಸರಲ್ಲಿ ವಾದಗಳು ನಡೆದಿವೆ. ಆ ವಾದಗಳು ಅಷ್ಟು ಎಳೆಯಲು ಒಂದು ಕಾರಣ, ಯಾವ ದಿನ, ಯಾವ ತೋಟಕ್ಕೆ, ಎಷ್ಟು ಸುರಿಯಿತು, ಆಗ ಯಾರು ಎಲ್ಲಿದ್ದರು ಎಂಬುದು ದಾರಿಯಲ್ಲಿದ್ದವರ ಕೈಯಲ್ಲಿ ಬರಹವಾಗಿ ಇರಲಿಲ್ಲವೆಂಬುದು. ಪೂರ್ವಸೂಚನೆಯೆಂದರೆ ಎಚ್ಚರಿಕೆ ಮಾತ್ರವಲ್ಲ, ದಾಖಲೆಯೂ ಹೌದು.

ಮನುಷ್ಯನಿಗಿಂತ ಗಿಡವೇ ಒಳ್ಳೆಯ ಸಾಕ್ಷಿಯೆಂಬುದು ಅಮೆರಿಕದಲ್ಲಿ ಕಂಡುಬಂದಿತು. ಡೈಕಾಂಬ ಎಂಬ ಕಳೆನಾಶಕವು ಅದನ್ನು ತಾಳಬಲ್ಲ ಹೊಸ ತಳಿಗಳ ಹೊಲದಿಂದ ಹಾರಿ, ತಾಳಲಾರದ ನೆರೆಯ ಸೋಯಾ ಹೊಲಗಳಿಗೆ ಹೋಯಿತು. ಅಲ್ಲಿ ಸೋಯಾ ಎಲೆಗಳು ದೊನ್ನೆಯಂತೆ ಮುದುರಿಕೊಂಡವು. 2017ರ ಒಂದೇ ಬೆಳೆಗಾಲದಲ್ಲಿ ಸುಮಾರು 36 ಲಕ್ಷ ಎಕರೆ ಸೋಯಾ ಹೀಗೆ ಹಾನಿಗೊಂಡಿತೆಂದು ಮಿಸೌರಿ ವಿಶ್ವವಿದ್ಯಾನಿಲಯದವರು ಅಂದಾಜು ಮಾಡಿದರು. ಎಲೆ ಮುದುರಿದ್ದರಿಂದ ತಾನೆ ಲೆಕ್ಕ ಸಿಕ್ಕಿತು? ದಾರಿಯಲ್ಲಿ ಹೋಗುವ ಮಗುವಿನ ಮೈಮೇಲೆ ಅಂಥ ಗುರುತು ಮೂಡುವುದಿಲ್ಲ. ಅದೇ ದೇಶದ ಕ್ಯಾಲಿಫೋರ್ನಿಯ ಸಂಸ್ಥಾನವು 2025ರ ಮಾರ್ಚಿನಲ್ಲಿ, ನಿರ್ಬಂಧಿತ ಕೀಟನಾಶಕಗಳನ್ನು ಹೊಡೆಯುವ ಮುನ್ನ ಆಯಾ ಪ್ರದೇಶದ ಜನರಿಗೆ ಸುದ್ದಿ ಮುಟ್ಟಿಸುವ ಏರ್ಪಾಟೊಂದನ್ನು ರಾಜ್ಯಾದ್ಯಂತ ಆರಂಭಿಸಿತು. ಬೇಕೆಂದವರ ಫೋನಿಗೆ ಮುಂಚಿತವಾಗಿ ಸಂದೇಶ ಹೋಗುತ್ತದೆ. ಹೊಲ ಯಾರದೆಂದು ಅದು ಹೇಳುವುದಿಲ್ಲ, ಒಂದು ಚದರ ಮೈಲಿಯೊಳಗೆ ಎಂದು ಮಾತ್ರ ಹೇಳುತ್ತದೆ. ನೆರೆಹೊರೆಯವರ ಜಗಳಕ್ಕೆ ಎಡೆಯಾಗದಂತೆ ಮಾಡಿದ ಜಾಣತನವಿದು.

‘ರೈತನ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಹೊರಿಸಬೇಡಿ’ ಎಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹುಳು ಬಿದ್ದ ದಿನ ಅವನಿಗೆ ಅರ್ಜಿ ಬರೆಯಲು ಬಿಡುವಿರುವುದಿಲ್ಲ. ತುಂತುರಿನಿಂದ ಮೊದಲು ನೋಯುವವನೂ ಅವನೇ, ಅವನ ಕೂಲಿಯಾಳೇ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದು ಸತ್ತ ಇಪ್ಪತ್ತಕ್ಕೂ ಹೆಚ್ಚು ಮಂದಿ ದಾರಿಹೋಕರಲ್ಲ, ಹೊಲದಲ್ಲಿ ದುಡಿಯುವವರು. ಆದುದರಿಂದ ರೈತನನ್ನು ಅಪರಾಧಿಯೆಂದು ನಿಲ್ಲಿಸುವ ಕಾನೂನು ನಮಗೆ ಬೇಕಿಲ್ಲ. ಬೇಕಾದ್ದು, ಅವನಿಗೆ ಕಾಸು ಖರ್ಚಾಗದ ಒಂದು ಪದ್ಧತಿ.

ಕೀಟನಾಶಕದ ಪ್ರತಿಯೊಂದು ಡಬ್ಬದ ಮೇಲೂ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತ್ಯಂತ ಘೋರ. ಬಳಿಕ ಹಳದಿ, ನೀಲಿ, ಹಸಿರು ಕ್ರಮವಾಗಿ ಸೌಮ್ಯ. ಒಮ್ಮೆಗೇ ಮೈ ಸೇರಿದರೆ ಆಗುವ ಹಾನಿಯನ್ನು ಮಾತ್ರ ಅದು ಸೂಚಿಸುತ್ತದೆ, ವರ್ಷಗಟ್ಟಲೆ ಸೇರುತ್ತ ಬಂದರೆ ಆಗುವುದನ್ನಲ್ಲ. ಆದರೂ ಇಲ್ಲದ್ದಕ್ಕಿಂತ ಮೇಲು. ಆ ಡಬ್ಬವನ್ನು ದಾರಿಹೋಕನು ನೋಡುವುದಿಲ್ಲವಷ್ಟೆ. ತ್ರಿಕೋನದ ಬಣ್ಣದ್ದೇ ಒಂದು ಗೇಣಗಲದ ಬಟ್ಟೆಯ ಪಟ್ಟಿಯನ್ನು ಡಬ್ಬದೊಡನೆಯೇ ಅಂಗಡಿಯವರು ಕೊಡಲಿ; ಅದರ ಮೇಲೆ ವಿಷದ ಹೆಸರು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರಲಿ. ಹಿಂದಿನ ಸಂಜೆ ರೈತನು ಅದನ್ನು ದಾರಿಯ ಬದಿಯಲ್ಲಿ ಗಳುವಿಗೆ ಕಟ್ಟಲಿ, ಬೆದರುಬೊಂಬೆಯಿದ್ದರೆ ಅದರ ಕೈಗೇ ಕಟ್ಟಲಿ. ಹಸಿರು ಬಟ್ಟೆ ಹಸಿರು ಹೊಲದಲ್ಲಿ ಕಾಣದೆಂದು ಯಾರಾದರೂ ನಕ್ಕರೆ ಅದಕ್ಕೆ ಬಿಳಿಯ ಅಂಚು ಹಚ್ಚಬಹುದು. ಆ ಪಟ್ಟಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅದು ದಾರಿಯ ಕಡೆಗೆ ಹಾರುತ್ತಿದ್ದರೆ ಹೊಡೆಯುವ ಹೊತ್ತು ಇದಲ್ಲ; ಜೋತು ಬಿದ್ದಿದ್ದರೆ, ಮೇಲೆ ಹೇಳಿದ ಮುಚ್ಚಳದ ಬೆಳಗು ಇದಾಗಿರಬಹುದು, ಬಿಸಿಲೇರುವವರೆಗೆ ತಾಳಬೇಕು; ಹೊಲದ ಒಳಕ್ಕೆ ಮೆಲ್ಲನೆ ಹಾರುತ್ತಿದ್ದರೆ ಕೆಲಸ ಆರಂಭಿಸಬಹುದು. ವಿಮಾನ ನಿಲ್ದಾಣದಲ್ಲಿ ಗಾಳಿಚೀಲ ಮಾಡುವ ಕೆಲಸವನ್ನು ಹೊಲದಲ್ಲಿ ಒಂದು ತುಂಡು ಬಟ್ಟೆ ಮಾಡುತ್ತದೆ.

ನಮ್ಮ ಹಳ್ಳಿಗಳಲ್ಲಿ ಡಂಗುರ ಹೊಡೆದು ಸಾರುವ ಪದ್ಧತಿ ಹಿಂದೆ ಇದ್ದಿತು. ಕೆರೆಯ ತೂಬು ಎತ್ತುವುದನ್ನೂ ಕಂದಾಯದ ದಿನವನ್ನೂ ಹಾಗೆ ಸಾರುತ್ತಿದ್ದರು. ಇಂದು ಗ್ರಾಮ ಪಂಚಾಯತಿಯ ಫೋನುಬಳಗದಲ್ಲಿ ಒಂದು ಸಾಲು ಬರೆದರೆ ಊರಿಗೆಲ್ಲ ತಿಳಿಯುತ್ತದೆ. ಯಾವ ಹೊಲ, ಯಾವ ಹೊತ್ತು, ಯಾವ ಹೆಸರು: ಮೂರೇ ಮಾತು. ಆ ಸಾಲು ಅಲ್ಲಿ ಉಳಿಯುವುದರಿಂದ, ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ ಉತ್ತರವೂ ಸಿಗುತ್ತದೆ.

ಈ ಮಾತನ್ನು ಈಗಲೇ ಎತ್ತಲು ಕಾರಣ ಡ್ರೋನುಗಳು. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಡ್ರೋನಿನಿಂದ ಕೀಟನಾಶಕ ಸಿಂಪಡಿಸುವ ಕ್ರಮಗಳನ್ನು ಪ್ರಕಟಿಸಿತು. ಹವೆಯ ಸ್ಥಿತಿಯನ್ನೂ ಬಿಡಬೇಕಾದ ದೂರವನ್ನೂ ಅದರಲ್ಲಿ ಹೇಳಿದೆ. ಹೊಡೆಯುವವನ ಮೈಗೆ ವಿಷ ತಗುಲದಂತೆ ಮಾಡುವುದರಿಂದ ಅದು ಸ್ವಾಗತಾರ್ಹವಾದ ಯಂತ್ರವೇ. ಆದರೆ ಬೆನ್ನಿನ ಪಂಪಿನಿಂದ ಎಕರೆಗೆ ನೂರೈವತ್ತು ಇನ್ನೂರು ಲೀಟರು ನೀರಿನಲ್ಲಿ ಬೆರೆಸಿ ಹೊಡೆಯುತ್ತಿದ್ದ ಔಷಧಿಯನ್ನು ಡ್ರೋನು ಹತ್ತು ಲೀಟರಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಔಷಧಿಯ ಪ್ರಮಾಣ ಅದೇ ಇದ್ದರೆ, ಅದರಿಂದ ಹಾರಿ ಬಂದ ಒಂದು ಹನಿಯಲ್ಲಿ ಪಂಪಿನ ಹನಿಯಲ್ಲಿದ್ದುದರ ಹದಿನೈದು ಇಪ್ಪತ್ತು ಪಟ್ಟು ವಿಷವಿರುತ್ತದೆ. ಪಂಪು ಹೊತ್ತವನು ಊರಿನವನೇ. ದಾರಿಯಲ್ಲಿ ಯಾರದಾದರೂ ತಲೆ ಕಂಡರೆ ‘ತುಸು ನಿಲ್ಲಿ ಅಕ್ಕಾ’ ಎಂದು ಕೂಗಿ ಮೂತಿಯನ್ನು ತಿರುಗಿಸುತ್ತಿದ್ದನು. ಡ್ರೋನನ್ನು ಬಾಡಿಗೆಗೆ ತರುವವನು ಬೇರೆ ಊರಿನವನು. ಅರ್ಧ ದಿನದಲ್ಲಿ ನಾಲ್ಕು ಹೊಲ ಮುಗಿಸಿ ಹೊರಡಬೇಕಾದವನು. ಯಾವ ಬದುವಿನ ಮೇಲೆ ಎಷ್ಟು ಹೊತ್ತಿಗೆ ಶಾಲೆಯ ಮಕ್ಕಳು ಬರುತ್ತಾರೆಂಬುದು ಅವನಿಗೆ ತಿಳಿದಿರುವುದು ಸಾಧ್ಯವಿಲ್ಲ. ಪಂಚಾಯತಿಗೆ ತಿಳಿದಿದೆ. ಡ್ರೋನು ಊರಿಗೆ ಬರುವ ಮುನ್ನ ಅವನ ಕೈಗೆ ಆ ದಾರಿಗಳ ಪಟ್ಟಿಯನ್ನೂ, ಊರಿನವರ ಕೈಗೆ ಆ ದಿನದ ಔಷಧಿಗಳ ಪಟ್ಟಿಯನ್ನೂ ಕೊಡುವ ಕೆಲಸವನ್ನು ಪಂಚಾಯತಿಗಳು ಈ ಬೆಳೆಗಾಲದಿಂದಲೇ ವಹಿಸಿಕೊಳ್ಳಬಹುದು. ಅದಕ್ಕೆ ಹೊಸ ಕಾಯಿದೆ ಬರುವವರೆಗೆ ಕಾಯಬೇಕಾದ್ದಿಲ್ಲ.